ಐದು ಜನರ ಫಿತ್ರಾ

೨೦೨೫ರ ಏಪ್ರಿಲ್ ೩, ಗುರುವಾರ. ರಮಜಾನ್ ಹಬ್ಬ ಮುಗಿದು ಮೂರು ದಿನವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಬಸವಕಲ್ಯಾಣ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಶಂಕರಲಿಂಗ ಅವರ ಮೇಜಿನ ಮುಂದೆ ನಿಂತಳು.

"ನನ್ನ ಗಂಡ ಸತ್ತಾನಂತ ಹೇಳಾಕತ್ತಾರ್ರಿ. ಸತ್ತಿಲ್ಲ. ಹುಡುಕಿ ಕೊಡ್ರಿ."

ಬದುಕಿದ್ದವರನ್ನು ಕೊಂದರು ಎಂಬ ದೂರುಗಳನ್ನು ಶಂಕರಲಿಂಗ ಬೇಕಾದಷ್ಟು ಬರೆದುಕೊಂಡಿದ್ದರು. ಸತ್ತವನು ಬದುಕಿದ್ದಾನೆ ಎಂಬ ದೂರು ಅವರಿಗೆ ಇದೇ ಮೊದಲು. ಮಹಿಳಾ ಕಾನ್‌ಸ್ಟೇಬಲ್ ಜಗದೇವಿ ಕುರ್ಚಿ ತಂದು ಹಾಕಿದಳು.

ಹೆಂಗಸಿನ ಹೆಸರು ಮೆಹರೀನ್, ಬಜಾರಿನ ಟೇಲರ್ ಅಂಗಡಿಯಲ್ಲಿ ಹೊಲಿಗೆ ಕೆಲಸ. ಗಂಡ ಜುಬೇರ ಹುಮನಾಬಾದಿನವನು, ಅಲ್ಲಿಯ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಹೆಂಡತಿ ಹೊಲಿಗೆಗೆ ಹೋಗುವುದು ಅವನಿಗೆ ಆಗದು, ಬಿಡುವುದು ಇವಳಿಗೆ ಆಗದು. ಮೂರು ವರ್ಷದ ಹಿಂದೆ ಮಗಳು ಸಮ್ರೀನಳನ್ನು ಕರೆದುಕೊಂಡು ಬಸವಕಲ್ಯಾಣದ ತವರಿಗೆ ಬಂದವಳು ಮತ್ತೆ ಹೋಗಿರಲಿಲ್ಲ. ಮಗಳಿಗೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಕೋರ್ಟು ಆದೇಶಿಸಿತು. ಜುಬೇರ ಕೆಲಕಾಲ ಕೊಟ್ಟ, ಆಮೇಲೆ ನಿಲ್ಲಿಸಿದ. ಹೋದ ವರ್ಷ ಅದೇ ಕಾರಣಕ್ಕೆ ಒಂದು ತಿಂಗಳು ಜೈಲಿನಲ್ಲಿದ್ದು ಬಂದ. ಬಾಕಿ ಬೆಳೆಯುತ್ತಲೇ ಹೋಯಿತು, ಎರಡನೇ ವಾರಂಟ್ ಹೊರಟಿತು.

ಅದನ್ನು ಹುಮನಾಬಾದಿಗೆ ಒಯ್ದಿದ್ದವರು ಇದೇ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಬಕ್ಕಪ್ಪ. ಜುಬೇರನ ಅಣ್ಣ ಅಸದ್ ಮರಣ ಪ್ರಮಾಣಪತ್ರ ಮುಂದೆ ಹಿಡಿದ. ಗಡಿಯಾಚೆ ಮಹಾರಾಷ್ಟ್ರದ ಹಳ್ಳಿಯಲ್ಲಿ, ನೆಂಟರ ಮನೆಯಲ್ಲಿ, ಫೆಬ್ರವರಿ ೨೦ರಂದು ಎದೆನೋವಿನಿಂದ ಸಾವು. ಬಕ್ಕಪ್ಪ ವಾರಂಟಿನ ಮೇಲೆ 'ಸದರಿಯವನು ಮೃತಪಟ್ಟಿರುತ್ತಾನೆ' ಎಂದು ಬರೆದು, ಚಹಾ ಕುಡಿದು ವಾಪಸಾಗಿದ್ದರು. ಈಗ ಸೋಮವಾರ, ೭ನೇ ತಾರೀಖು, ಕೋರ್ಟು ಪ್ರಕರಣವನ್ನೇ ಮುಗಿಸುವುದಿತ್ತು.

"ಅಮ್ಮಾ, ನೀವು ಇದ್ದತ್ ಕೂಡಬೇಕಿತ್ತಲ್ಲಾ?" ಜಗದೇವಿ ಮೆಲ್ಲಗೆ ಕೇಳಿದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಹೊಸ್ತಿಲು ದಾಟುವಂತಿಲ್ಲ.

"ಇಷ್ಟು ದಿನ ಕೂತೆ. ಓಣಿ ಮಂದಿ ಕಣ್ಣು ತಪ್ಪಿಸಿ ಬಂದೀನ್ರಿ. ಅಂಗಡಿ ಮಾಲಕರು ಬ್ಯಾರೆದಾಕಿನ್ನ ಇಟ್ಕೊಂಡಾರ. ಕೋರ್ಟಿನ ರೊಕ್ಕಾನೂ ಇಲ್ಲ, ಹೊಲಿಗಿ ರೊಕ್ಕಾನೂ ಇಲ್ಲ ಅಂದ್ರ ನನ್ನ ಮಗಳು ಏನ್ ತಿನ್ಬೇಕು?"

"ಸತ್ತಿಲ್ಲ ಅಂತ ಹ್ಯಾಂಗ ಹೇಳ್ತೀರಿ?" ಶಂಕರಲಿಂಗ ಕೇಳಿದರು.

"ಮಯ್ಯತ್ ತೋರಸ್ಲಿಲ್ರಿ, ಹೆಣದ ಮುಖಾ ನೋಡ್ಲಿಲ್ಲ ನಾವು. ಮಣ್ಣು ಕೊಟ್ಟ ಮ್ಯಾಲೆ ಫೋನ್ ಮಾಡಿದ್ರು. ಹಡೆದ ಮಗಳಿಗೆ ಬಾಪಿನ ಮುಖಾ ತೋರಸ್ದೆ ಯಾರರೆ ಮಣ್ಣು ಕೊಡ್ತಾರೇನ್ರಿ?"

ಅದು ಸಾಕ್ಷ್ಯವಲ್ಲ. ಆದರೂ ಶಂಕರಲಿಂಗ ಅರ್ಜಿ ಸ್ವೀಕರಿಸಿ ವಿಚಾರಣೆಗೆ ತೆಗೆದುಕೊಂಡರು.

ಶುಕ್ರವಾರ ಗಡಿಯಾಚೆಯ ಹಳ್ಳಿಗೆ ಹೋದ ಬಕ್ಕಪ್ಪ ಜೋಲು ಮೋರೆ ಹಾಕಿಕೊಂಡು ಬಂದರು. ಪ್ರಮಾಣಪತ್ರ ಖೋಟಾ ಅಲ್ಲ. ಅಸದ್ ಬರೆಸಿದ ಹೇಳಿಕೆಯ ಮೇಲೆ ಸಾವು ಪದ್ಧತಿಯಂತೆ ನೋಂದಣಿಯಾಗಿತ್ತು. ನೆಂಟರು ಮನೆಗೆ ಬೀಗ ಜಡಿದು ಪುಣೆಗೆ ಹೋಗಿದ್ದರು. ಖಬರಸ್ತಾನದಲ್ಲಿ ಹೊಸ ಗೋರಿಗಳು ಮೂರಿದ್ದವು, ಯಾವುದು ಯಾರದೆಂದು ಹೇಳುವವರಿಲ್ಲ. ಗೋರಿ ಅಗೆಸಲು ಅಲ್ಲಿಯ ತಹಶೀಲ್ದಾರರ ಆದೇಶ ಬೇಕು, ಸೋಮವಾರದೊಳಗೆ ಅದು ಆಗುವ ಮಾತಲ್ಲ.

ಅಂದು ಸಂಜೆ ಮೆಹರೀನ್ ಜಗದೇವಿಗೆ ಫೋನ್ ಮಾಡಿದಳು. ಠಾಣೆಗೆ ಹೋದದ್ದು ಓಣಿಗೆಲ್ಲ ಗೊತ್ತಾಗಿತ್ತು. ಗಂಡನ ಗೋರಿಯ ಮಣ್ಣು ಆರುವ ಮೊದಲೇ ಊರು ತಿರುಗುತ್ತಾಳೆ ಎಂದು ಹಿರಿಯರು ಅವಳ ತಮ್ಮನನ್ನು ಕರೆಸಿ ಬೈದಿದ್ದರು. "ಸತ್ತಿದ್ದು ಖರೇ ಆದ್ರ ನಾ ಓಣ್ಯಾಗ ಮುಖಾ ಎತ್ತಂಗಿಲ್ರಿ," ಎಂದು ಅತ್ತಳು.

ಏಪ್ರಿಲ್ ೫, ಶನಿವಾರ, ಬೆಳಿಗ್ಗೆ ಹನ್ನೊಂದು. ಹುಮನಾಬಾದ್ ಠಾಣೆಗೆ ತಿಳಿಸಿ ಮೂವರೂ ಜುಬೇರನ ಓಣಿಗೆ ಬಂದರು. ಇನ್ಸ್‌ಪೆಕ್ಟರೂ ಬಕ್ಕಪ್ಪನೂ ಅಕ್ಕಪಕ್ಕದ ಗಂಡಸರನ್ನು ಕೇಳಿದರು. ಎಲ್ಲರೂ ಅಯ್ಯೋ ಪಾಪ ಎಂದರು, ಮಣ್ಣಿಗೆ ಹೋದವರು ಮಾತ್ರ ಒಬ್ಬರೂ ಇಲ್ಲ. ಜಗದೇವಿ ಎದುರು ಮನೆಯ ಮುದುಕಿ ಸರ್ದಾರಬಿಯ ಕಟ್ಟೆಯ ಮೇಲೆ ಕುಳಿತಳು.

"ಜುಬೇರನ ಅಪ್ಪ ಲಾಲ್ ಅಹ್ಮದ್ ಸಾಬರ ಮನಿತನ ಹ್ಯಾಂಗ್ರಿ ಅಜ್ಜಿ?"

"ಬಂಗಾರದಂಥಾ ಮನಷ್ಯಾ ವಾ. ಮಗ ಹೋದ ದುಃಖದಾಗೂ ಹಬ್ಬದ ಮುಂಜಾನೆ ನನಗ ಫಿತ್ರಾ ಗೋಧಿ ಕಳಸ್ಯಾನ. ವರ್ಷಾ ಕಳಸಿದಂಗೇ, ಐದು ಮಂದೀದು."

ಜಗದೇವಿ ಹುಟ್ಟಿ ಬೆಳೆದದ್ದು ಹುಡಗಿ ಎಂಬ ಊರಿನಲ್ಲಿ, ಮುಸಲ್ಮಾನರ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ. ಹಬ್ಬದ ನಮಾಜಿಗೆ ಮುಂಚೆ ಮನೆಯಲ್ಲಿರುವ ಒಂದೊಂದು ಜೀವದ ಹೆಸರಿನಲ್ಲಿ ಬಡವರಿಗೆ ಕೊಡುವ ಧಾನ್ಯವೇ ಫಿತ್ರಾ. ನಿನ್ನೆ ಹುಟ್ಟಿದ ಕೂಸಿಗೂ ಕೊಡುತ್ತಾರೆ, ಸತ್ತವರಿಗೆ ಕೊಡುವುದಿಲ್ಲ. ಅವಳು ಎದ್ದು ಹೋಗಿ ಇನ್ಸ್‌ಪೆಕ್ಟರ್ ಕಿವಿಯಲ್ಲಿ ಹೇಳಿದಳು. ಶಂಕರಲಿಂಗ ನೇರ ಜುಬೇರನ ಮನೆಗೆ ನಡೆದರು.

ಲಾಲ್ ಅಹ್ಮದ್ ಕಿರಾಣಿ ವ್ಯಾಪಾರಿ, ಐದು ಹೊತ್ತಿನ ನಮಾಜಿ. ಹೆಂಡತಿ ಶಹಜಾದಿ ಪರದೆಯ ಹಿಂದೆ ನಿಂತಳು. ಅಸದ್ ಬಾಗಿಲಿಗೆ ಅಡ್ಡ ಬಂದ. ಬಕ್ಕಪ್ಪ ಮೊದಲು ಅವನ ಕೈಯಿಂದ ಫೋನ್ ತೆಗೆದುಕೊಂಡರು.

"ಮನ್ಯಾಗ ಎಷ್ಟು ಮಂದಿ ಅದೀರಿ?" ಶಂಕರಲಿಂಗ ಮುದುಕನನ್ನು ಕೇಳಿದರು.

"ನಾಕು, ಸಾಹೇಬ್ರ. ನಾನು, ಇಕಿ, ಅಸದ್, ಸೊಸಿ."

"ಫಿತ್ರಾ ಎಷ್ಟು ಮಂದೀದು ಕೊಟ್ರಿ?"

ಮುದುಕ ಮಗನ ಕಡೆ ನೋಡಿದ.

"ಅದು... ಹಳೀ ರೂಢಿ ಮ್ಯಾಲೆ ಕೊಟ್ಟಾರ್ರಿ," ಅಸದ್ ನಡುವೆ ಬಂದ.

"ನಿನ್ನ ಕೇಳಿಲ್ಲ. ಲಾಲ್ ಅಹ್ಮದ್ ಸಾಬ್, ಐದನೆಯವ್ರು ಯಾರು?"

ಪರದೆಯ ಹಿಂದಿನಿಂದ ಶಹಜಾದಿಯ ಅಳು ಕೇಳಿತು. ಲಾಲ್ ಅಹ್ಮದ್ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

"ಕೋರ್ಟಿಗಿ ಸುಳ್ಳು ಹೇಳಾಕ ಬಿಟ್ಟೆ ಸಾಹೇಬ್ರ. ಜೀವಂತ ಇರೋ ಮಗನ ಫಿತ್ರಾ ಹ್ಯಾಂಗ ತಪ್ಪಸ್ಲಿ? ಮ್ಯಾಲಿನವ್ಗ ಏನ್ ಜವಾಬ್ ಕೊಡ್ಲಿ?"

"ಎಲ್ಲದಾನ?"

"ಕೊಡಂಬಲ. ಸಿದ್ದಪ್ಪನ ಹೊಲ."

ಶಂಕರಲಿಂಗ ಅಲ್ಲಿಂದಲೇ ಫೋನ್ ಮಾಡಿ, ವಂಚನೆ ಮತ್ತು ಸುಳ್ಳು ಮಾಹಿತಿಯ ಕಲಂಗಳಡಿ ಎಫ್‌ಐಆರ್ ದಾಖಲಿಸಲು ಠಾಣೆಗೆ ಹೇಳಿದರು. ಅಸದ್‌ನನ್ನು ಜೀಪಿನಲ್ಲಿ ಕೂರಿಸಿಕೊಂಡರು. ಓಣಿಯ ಯಾರಾದರೂ ಫೋನ್ ಮಾಡಿಬಿಟ್ಟರೆ ಹಕ್ಕಿ ಹಾರಿಹೋದಂತೆ. ಬಕ್ಕಪ್ಪ ಜೀಪನ್ನು ಆ ರಸ್ತೆಗೆ ತಕ್ಕದ್ದಲ್ಲದ ವೇಗದಲ್ಲಿ ಓಡಿಸಿದರು, ಯಾರೂ ಬೇಡವೆನ್ನಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಕೊಡಂಬಲ. ಬಾವಿಯ ಬಳಿ ತಗಡಿನ ಶೆಡ್ಡು. ಜೀಪಿನ ಸದ್ದಿಗೆ ಒಳಗಿನಿಂದ ಒಬ್ಬ ಹೊರಬಿದ್ದು ಕಬ್ಬಿನೊಳಗೆ ನುಗ್ಗಿದ. ಬಕ್ಕಪ್ಪ ತಮ್ಮ ಹೊಟ್ಟೆಯನ್ನೂ ವಯಸ್ಸನ್ನೂ ಮರೆತು ಹಿಂದೆ ಬಿದ್ದರು. ಕಬ್ಬಿನ ಗರಿ ಸರಸರ ಎಂದು ಒಮ್ಮೆಲೇ ನಿಂತಿತು. ಆಚೆಯ ಬದುವಿನ ಮೇಲೆ ಶಂಕರಲಿಂಗ ಮೊದಲೇ ಹೋಗಿ ನಿಂತಿದ್ದರು. ಜುಬೇರ ಅವರ ಎದೆಗೇ ಬಂದು ಡಿಕ್ಕಿ ಹೊಡೆದ.

ಹೊಲದೊಡೆಯ ಸಿದ್ದಪ್ಪ ಮತ್ತು ನೆರೆಯವನೊಬ್ಬನ ಸಮಕ್ಷಮ ಪಂಚನಾಮೆ ಆಯಿತು. ಕಾವಲಿಗೆಂದು ಇಟ್ಟುಕೊಂಡ ಆಳು ಕೋರ್ಟಿನ ಲೆಕ್ಕದಲ್ಲಿ ಹೆಣ ಎಂಬುದು ಸಿದ್ದಪ್ಪನಿಗೆ ಗೊತ್ತಿರಲಿಲ್ಲ.

"ಯಾಕ ಮಾಡಿದಿ?" ಶಂಕರಲಿಂಗ ಕೇಳಿದರು.

"ಒಂದು ತಿಂಗಳು ಜೈಲಾಗಿದ್ದೆ. ಎಲ್ಲಾ ಮುಗೀತು ಅನ್ಕೊಂಡೆ. ಹೊರಗ ಬಂದ್ರ ಬಾಕಿ ಹಂಗೇ ಅದ ಅಂದ್ರು."

"ಜೈಲು ಆದದ್ದು ರೊಕ್ಕ ಕೊಡದೆ ಇದ್ದದ್ದಕ್ಕ. ಅದರಿಂದ ಬಾಕಿ ತೀರಂಗಿಲ್ಲ. ಪಗಾರ ಬರ್ತಿತ್ತಲ್ಲ, ಯಾಕ ಕೊಡ್ಲಿಲ್ಲ?"

ಜುಬೇರ ಎಡಗೈ ಎತ್ತಿ ತೋರಿಸಿದ. ಆ್ಯಸಿಡ್ ಬಿದ್ದು ಮೂರು ಬೆರಳು ಒಂದಕ್ಕೊಂದು ಅಂಟಿದ್ದವು. "ಕೆಲಸ ಹೋಗಿ ಎರಡು ವರ್ಷ ಆತ್ರಿ."

"ಇದನ್ನ ಜಜ್ಜರ ಮುಂದ ಹೇಳಬೇಕಿತ್ತು! ಕಾರಣ ಖರೇ ಇದ್ರ ಅವ್ರು ಕೇಳ್ತಾರ. ರೊಕ್ಕ ಕಡಿಮಿ ಮಾಡ್ರಿ ಅಂತ ಅರ್ಜಿ ಕೊಡಾಕ ಬರ್ತದ. ವಕೀಲರನ್ನೂ ಪುಕಟ ಕೊಡ್ತಾರ."

"ಅಕಿನೂ ಅಲ್ಲೇ ನಿಂತಿರ್ತಾಳಲ್ರಿ. ನಾ ಗಂಡಸು ದುಡಿಯಾಕತ್ತೀನಿ, ನಿನ್ನ ಹೊಲಿಗಿ ರೊಕ್ಕ ನನ್ನ ಮನಿಗಿ ಬ್ಯಾಡ ಅಂದವ ನಾನು. ಈಗ ಅಕಿ ಮುಂದ ಕೈ ತೋರಸ್ಲಿ? ಅದರಕಿಂತ ಸತ್ತೆ ಅನ್ನಿಸ್ಕೊಳ್ಳೋದೇ ಛಲೋ ಅನಸ್ತು."

ಶಂಕರಲಿಂಗ ಅವರಿಗೆ ಸಿಟ್ಟು ಬಂದಿತ್ತು, ಕನಿಕರವೂ ಆಗಿತ್ತು.

ಭಾನುವಾರ ಆರೋಪಿಗಳಿಬ್ಬರನ್ನೂ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು. ಸೋಮವಾರ ಜೀವನಾಂಶದ ಪ್ರಕರಣಕ್ಕಾಗಿ ಬಕ್ಕಪ್ಪ ಜುಬೇರನನ್ನು ಬಸವಕಲ್ಯಾಣ ಕೋರ್ಟಿಗೆ ಕರೆತಂದರು. ಜಗದೇವಿಯಿಂದ ಎಲ್ಲ ಕೇಳಿ ತಿಳಿದಿದ್ದ ಮೆಹರೀನ್ ಕಾರಿಡಾರಿನಲ್ಲಿ ಗಂಡನ ಕೈಯನ್ನೇ ನೋಡುತ್ತ ನಿಂತಳು.

"ಕೈ ಸುಟ್ಟದ ಅಂದಿದ್ರ ನಾ ನಗ್ತಿದ್ದೆ ಅನ್ಕೊಂಡ್ರಿ?"

ಅವನು ಎಡಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.

"ಸಮ್ರೀನ್ ದಿನಾ ದುವಾ ಮಾಡಾಕತ್ತಾಳ. ನಮ್ಮ ಅಬ್ಬಾಗ ಗೋರ್ಯಾಗ ಕತ್ತಲಾ ಆಗಬಾರದು ಅಂತ. ಅತ್ತೂ ಅತ್ತೂ ಈಗ ಸ್ವಲ್ಪ ಸುಮ್ನಾಗ್ಯಾಳ. ಇವತ್ತ ಮನಿಗಿ ಹೋಗಿ ಅಕಿಗಿ ಏನ್ ಹೇಳ್ಲಿ? ನೀವೇ ಹೇಳ್ರಿ."

ಜುಬೇರ ಗೋಡೆಗೆ ಮುಖ ತಿರುಗಿಸಿದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಮೂರು ಬಾರಿ ಕೂಗಿದರು. ಅವನು ಗೋಡೆ ಬಿಟ್ಟು ತಿರುಗಲಿಲ್ಲ. ಹಾಜರಿದ್ದಾನೆ ಎಂದು ಬಕ್ಕಪ್ಪನೇ ಹೇಳಬೇಕಾಯಿತು.