ಅಕ್ಕನ ತಪಾಸಣೆ

ಗಡಿ ಕಾವಲು ಪಡೆಯ ಶಿಬಿರದಿಂದ ದೂರು ಬಂದಾಗ ಠಾಣೆಯಲ್ಲಿ ಬೆಳಗಿನ ಹಾಜರಿ ಇನ್ನೂ ಮುಗಿದಿರಲಿಲ್ಲ. ದೂರು ತಂದವರು ಶಿಬಿರದ ಉಪಕಮಾಂಡರ್. ಅಂದು ನಸುಕಿನಲ್ಲಿ ನಡೆದ ಕೊನೆಯ ಗುರಿ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳ ರೈಫಲ್ ಬರೀ ಟಕ್ ಎಂದಿತ್ತು. ಬಿಚ್ಚಿ ನೋಡಿದರೆ ಒಳಗಿನ ಫೈರಿಂಗ್ ಪಿನ್ ಇರಲಿಲ್ಲ. ಬೆರಳುದ್ದದ ಉಕ್ಕಿನ ಕಡ್ಡಿ. ಅದಿಲ್ಲದಿದ್ದರೆ ರೈಫಲ್ಲೂ ಒಂದೇ, ಒನಕೆಯೂ ಒಂದೇ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಎಲ್ಲರ ಬಾಯಲ್ಲೂ ಮೀಸೆಮಾವನಾಗಿದ್ದ ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟರು. ಆ ಠಾಣೆಗೆ ಇನ್ಸ್‌ಪೆಕ್ಟರೊಬ್ಬರೇ ಹೆಂಗಸು.

"ಪರೀಕ್ಷೆ ಇನ್ನೊಂದ್ಸಲ ಕೊಡಬಹುದಲ್ಲ?"

"ಇಲ್ಲ ಮೇಡಂ. ತನ್ನ ಆಯುಧ ನೋಡಿಕೊಳ್ಳದವರು ಗಡಿಗೆ ಬೇಡ ಅನ್ನೋದು ನಿಯಮ," ಎಂದರು ಉಪಕಮಾಂಡರ್. "ಬೆಟ್ಟದ ಮೇಲಿನ ಕಾವಲು ಠಾಣ್ಯಕ್ಕೆ ಮೊದಲ ಸಲ ಹೆಣ್ಣುಮಗಳನ್ನ ಕಳಿಸ್ತಿದ್ದೀವಿ. ಒಬ್ಬರನ್ನ. ಪಾಪ, ಇವಳೇ ಮುಂದಿದ್ದಳು."

ಶಸ್ತ್ರಾಗಾರದಲ್ಲಿ ಎಣ್ಣೆಯ ವಾಸನೆ. ಹಿಂದಿನ ಸಂಜೆ ಆಯುಧ ಶುಚಿಗೊಳಿಸಲು ಬಾಗಿಲು ತೆರೆದಿತ್ತು. ಅದಕ್ಕೆ ಮೊದಲು ಪಿನ್ ಇದ್ದದ್ದನ್ನು ಉಸ್ತುವಾರಿಯವರು ಸ್ವತಃ ನೋಡಿದ್ದರು. ಮೀಸೆಮಾವ ಮೂಲೆ ಮೂಲೆ ತಡಕಿ, ಮಂಡಿಗೆ ಅಂಟಿದ ಧೂಳು ಕೊಡವಿಕೊಂಡು ಎದ್ದ.

"ಸೂಜಿ ಬಿದ್ದಿದ್ರೂ ಸಿಗ್ತಿತ್ತು, ಮೇಡಮ್ಮೋರೆ. ಪಿನ್ ಹೊರಗೆ ಹೋಗಿದೆ."

ಬಾಗಿಲ ಕಾವಲುಗಾರ ಸಿಟ್ಟಾದ. "ಹೆಂಗೆ ಹೋಗತ್ತೆ? ಹೊರಗೆ ಬಂದವರ ಬೂಟು ಕೂಡ ಬಿಚ್ಚಿಸ್ತೀನಿ. ನಮ್ಮ ಉಪಕಮಾಂಡರ್ ಸಾಹೇಬರನ್ನೂ ಬಿಡಲ್ಲ, ಬೇಕಾದ್ರೆ ಕೇಳಿ!"

"ಹೆಂಗಸರನ್ನ?"

"ಅವರನ್ನ ಅಕ್ಕ ನೋಡ್ತಾರೆ."

ಅಕ್ಕ ಅಂದರೆ ಪಡೆಯ ಮೊದಲ ಮಹಿಳಾ ಹವಾಲ್ದಾರ್. ವಯಸ್ಸಿನಲ್ಲಿ ದೊಡ್ಡವರಿಗೂ ಅಕ್ಕನೇ.

"ಅಕ್ಕನ್ನ ಯಾರು ನೋಡ್ತಾರೆ?"

ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. "ಛೇ... ಅವರ ಮೈ ನಾನು ಮುಟ್ಟೋದಾ, ಮೇಡಂ? ಅವರು ಬಂದ್ರೆ ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

ಅವನದು ಮರ್ಯಾದೆಯೇ. ಇಷ್ಟು ವರ್ಷಗಳಲ್ಲಿ ಆ ಬಾಗಿಲಿಗೆ ಇನ್ನೊಬ್ಬ ಹೆಂಗಸನ್ನು ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇನ್ಸ್‌ಪೆಕ್ಟರ್ ಉಪಕಮಾಂಡರ್ ಕಡೆ ತಿರುಗಿದರು. "ಆಯ್ಕೆಯಲ್ಲಿ ಎರಡನೆಯವರು ಯಾರು?"

ಅವರು ಟೋಪಿ ತೆಗೆದರು. "ನಮ್ಮ ಅಕ್ಕ."

ಮಹಿಳಾ ಬ್ಯಾರಕ್ಕಿನಲ್ಲಿ ಹುಡುಗಿ ಅತ್ತು ಅತ್ತು ಬಸವಳಿದಿದ್ದಳು. ಅಕ್ಕ ಅವಳ ಪಕ್ಕದಲ್ಲಿ ಕೂತು ಲೋಟದ ಹಾಲನ್ನು ಆರಿಸುತ್ತಿದ್ದರು. ಅದು ನಟನೆಯಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಊರಿನ ಆಸ್ಪತ್ರೆಯಿಂದ ಇಬ್ಬರು ದಾದಿಯರನ್ನು ಪಂಚ ಸಾಕ್ಷಿಗಳಾಗಿ ಕರೆಸಿ, ಪಕ್ಕದ ಕೋಣೆಯ ಬಾಗಿಲು ಹಾಕಿಸಿದರು. ಅಕ್ಕ ಹೇಳಿಸಿಕೊಳ್ಳದೆ ಎರಡೂ ಕೈ ಚಾಚಿ ನಿಂತರು. ತಪಾಸಣೆಗೆ ಬಂದ ಸಾವಿರಾರು ಹೆಂಗಸರಿಗೆ ತಾವು ಹೇಳಿಕೊಟ್ಟ ಭಂಗಿ.

"ಹುಡುಕಬೇಡ ತಾಯಿ. ತುರುಬಲ್ಲಿದೆ."

"ಎಸೀಬಹುದಿತ್ತಲ್ಲಾ, ಅಕ್ಕಾ."

"ಕೈ ಬರಲಿಲ್ಲ. ಆಯುಧ ಅಲ್ವಾ ಅದು."

ಪಿನ್ ಎಳೆದಾಗ ನರೆತ ಕೂದಲು ಬೆನ್ನಿಗೆ ಜಾರಿತು. ಪಂಚನಾಮೆಗೆ ಸಹಿಯಾಗುವ ಹೊತ್ತಿಗೆ ಇನ್ಸ್‌ಪೆಕ್ಟರ್ ತಮ್ಮ ತಲೆಯಿಂದ ಎರಡು ಕ್ಲಿಪ್ಪು ತೆಗೆದು ಅವರ ಅಂಗೈಯಲ್ಲಿಟ್ಟರು. ಹರಡಿದ ಕೂದಲಲ್ಲಿ ಅವರನ್ನು ಗಂಡಸರೆದುರು ನಡೆಸಲು ಮನಸ್ಸು ಬರಲಿಲ್ಲ.

"ಯಾಕಕ್ಕಾ?"

"ಗಡಿ ಕಾಯ್ತೀನಿ ಅಂತ ಸೇರಿದೋಳು ನಾನು. ಜೀವಮಾನವೆಲ್ಲ ತಪಾಸಣೆ ಗೇಟಲ್ಲಿ ಹೆಂಗಸರ ಕೈಚೀಲ ಕಾದೆ. ಬರೋ ವರ್ಷ ನಿವೃತ್ತಿ." ಅಕ್ಕ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ ತುರುಬು ಸುತ್ತಿಕೊಂಡರು. "ಅವಳಿಗೆ ಇನ್ನೂ ವಯಸ್ಸಿದೆ, ಮುಂದಿನ ಸಲ ಹೋಗ್ತಾಳೆ ಅಂದ್ಕೊಂಡೆ. ನನಗೆ ನಾನೇ ಹೇಳ್ಕೊಂಡ ಸುಳ್ಳು ಅದು. ಮುಂದಿನ ಸಲ, ಮುಂದಿನ ಸಲ ಅಂತ ನನಗೂ ಹೇಳಿದ್ರಲ್ಲ."

ಹೊರಗೆ ಬಂದು ಇನ್ಸ್‌ಪೆಕ್ಟರ್ ಕೇಳಿದರು: "ಬೆಟ್ಟಕ್ಕೆ ಒಬ್ಬರೇ ಯಾಕೆ, ಸರ್?"

"ಅಲ್ಲಿ ಹೆಂಗಸರ ಕೋಣೇಲಿ ಒಂದೇ ಮಂಚ ಇರೋದು."

"ಇನ್ನೊಂದು ಹಾಕೋಕೆ ಜಾಗ ಇಲ್ವಾ?"

ಉಪಕಮಾಂಡರ್ ನೆಲ ನೋಡಿದರು. "ಇದೆ... ಯಾರೂ ಕೇಳಿರಲಿಲ್ಲ."

ಮೀಸೆಮಾವ ಅಕ್ಕನಿಗೆ ಕೋಳ ಹಾಕಲಿಲ್ಲ. ಬಿಸಿಲಿಗೆ ಕಾದಿದ್ದ ಜೀಪಿನ ಸೀಟಿನ ಮೇಲೆ ತನ್ನ ಟವೆಲ್ ಹಾಸಿದ. ಅಷ್ಟರಲ್ಲಿ ಹುಡುಗಿ ಬರಿಗಾಲಲ್ಲೇ ಓಡಿಬಂದಳು. ತಾನು ಗಡಿಗೆ ಹೋಗುವುದು ಖಚಿತವೆಂದು ಅವಳಿಗೆ ತಿಳಿಸಿಯಾಗಿತ್ತು. ಅವಳ ಮುಖದಲ್ಲಿ ಆ ಸುದ್ದಿಯ ಖುಷಿಯ ಸುಳಿವೇ ಇರಲಿಲ್ಲ.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ, ಅಕ್ಕಾ? ನಾನು ಕೆಳಗೆ ಚಾಪೆ ಹಾಸ್ಕೊಂಡು ಮಲಗ್ತಿದ್ದೆ!"

ಅಕ್ಕ ಅವಳ ಕೆನ್ನೆ ಒರೆಸಿದರು.

"ಕೆಳಗೆ ಮಲಗಬೇಡ ಕಂದಾ. ಅಲ್ಲಿ ವಿಪರೀತ ಚಳಿಯಂತೆ."