ಗಂಟು ಮುದ್ದೆಯ ಗಾಳ

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ಆಚೆ, ಹುರುಳಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಡುಗೆಮನೆಯಲ್ಲಿ ಕೆಂಪಾಜಮ್ಮ ಎಂಬ ಅಜ್ಜಿಯೂ ಅವಳ ಮೊಮ್ಮಗಳು ದೇವೀರಿಯೂ ಇದ್ದರು. ಅಜ್ಜಿಯ ಕೈರುಚಿಗೆ ರಾಜನೇ ಬೆರಳು ಚೀಪುತ್ತಿದ್ದ. ಮೊಮ್ಮಗಳ ಕೈರುಚಿಯ ಮಾತು ಮಾತ್ರ ಕೇಳಬೇಡಿ. ಹುಡುಗಿ ಒಳ್ಳೆಯವಳು, ಆದರೆ ಬಲು ಅವಸರದವಳು. ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದದ್ದೇ ತಡ, ಕೋಲು ಹಾಕಿ ತೊಳಸಿಬಿಡುತ್ತಿದ್ದಳು. ಮುದ್ದೆಯ ತುಂಬ ಗಂಟು.

“ಹಿಟ್ಟು ಬೇಯಾಕೆ ಬಿಡವ್ವ, ಆಮ್ಯಾಕೆ ಕೋಲು ಹಾಕು,” ಎಂದು ಅಜ್ಜಿ ದಿನಾ ಬೈಯುತ್ತಿದ್ದಳು. ಬೈಯುತ್ತಲೇ ಮುದ್ದೆಯನ್ನು ಮುರಿದು, ಗಂಟುಗಳನ್ನು ಒಂದೊಂದಾಗಿ ಆರಿಸಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಉಳಿದದ್ದನ್ನು ಒಂದು ಚೂರೂ ಬಿಡದೆ ಉಣ್ಣುತ್ತಿದ್ದಳು. ತಾಯಿಯಿಲ್ಲದ ದೇವೀರಿಗೆ ಆ ಬೈಗುಳ ಕಿವಿಗೆ ಬೀಳದಿದ್ದರೆ ಉಂಡಂತೆಯೇ ಆಗುತ್ತಿರಲಿಲ್ಲ.

ಒಂದು ದಿನ ವಕ್ರಜಿಹ್ವನೆಂಬ ಮಾಂತ್ರಿಕ ಅರಮನೆಗೆ ಬಂದ. ಗಾಳಿಯಲ್ಲಿ ಕೈಯಾಡಿಸಿ ನೂರೆಂಟು ಭಕ್ಷ್ಯಗಳನ್ನು ಬರಿಸಿದ. ಅವನಿಗೆ ಬೇಕಿದ್ದುದು ಹೊಗಳಿಕೆ. ಹೊಗಳದವರನ್ನು ಗೆಂಡೆ ಮೀನು ಮಾಡಿ ಅರಮನೆಯ ಮುಂದಿನ ಕೆರೆಗೆ ಎಸೆಯುವುದು ಅವನ ಹಳೆಯ ಚಾಳಿ. ಅದು ಗೊತ್ತಿದ್ದರಿಂದ ರಾಜನೂ ಹೊಗಳಿದ, ಮಂತ್ರಿಯೂ ಹೊಗಳಿದ. ಅಜ್ಜಿ ಮಾತ್ರ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು.

“ಎಲ್ಲಾ ಸರಿ ಬುದ್ಧಿ, ಉಪ್ಪು ಒಂದು ಹರಳು ಸಾಲದು.”

ಮಾತು ಮುಗಿಯುವಷ್ಟರಲ್ಲಿ ಅಜ್ಜಿ ಮೀನಾಗಿದ್ದಳು. ಕೆರೆಯ ನೂರಾರು ಗೆಂಡೆಗಳ ನಡುವೆ ಅವಳೂ ಒಂದು ಗೆಂಡೆ.

ದೇವೀರಿ ಅವನ ಕಾಲಿಗೆ ಬಿದ್ದು ಅತ್ತಳು. ಮಾಂತ್ರಿಕನಿಗೆ ಪಂದ್ಯವೆಂದರೆ ಇಷ್ಟ. “ಎಲೈ ಬಾಲೆ, ದಿನಕ್ಕೊಮ್ಮೆಯಂತೆ ಮೂರು ಬಾರಿ ಗಾಳ ಹಾಕು,” ಎಂದ. “ನಿನ್ನ ದಾರವನ್ನು ಮನಸಾರೆ ಕಚ್ಚಿ ಮೇಲೆ ಬಂದ ಮೀನು ಮನುಷ್ಯರೂಪ ಪಡೆಯುವುದು. ನಿನ್ನಜ್ಜಿಯೇ ಬಂದರೆ ಎಲ್ಲರಿಗೂ ಬಿಡುಗಡೆ, ನಾನೇ ಕೆರೆಗೆ ಇಳಿಯುವೆನು. ಅವಳು ಬಾರದಿದ್ದರೆ, ಮೂರನೆಯ ದಿನ ಹೊತ್ತು ಮುಳುಗುತ್ತಲೇ ಈ ಕೆರೆ ಮೀನುಗಳ ಸಮೇತ ಕಲ್ಲಾಗುವುದು.”

ದೇವೀರಿ ಹರಿಗೋಲು ಹಾಕುವ ಸಿದ್ದಣ್ಣನ ಬಳಿಗೆ ಓಡಿದಳು. ಅವನು ಗಾಳದ ಕೋಲು ಕೊಟ್ಟ. ಅವಳು ಅದರ ಮುಳ್ಳನ್ನು ಬಿಚ್ಚಿ ಅವನ ಕೈಗೇ ಹಿಂದಕ್ಕೆ ಕೊಟ್ಟಳು.

“ಮುಳ್ಳಿಲ್ದೆ ಮೀನು ಬಂದದಾ ಮಗ?”

“ನಮ್ಮಜ್ಜಿ ಬಾಯಿಗೆ ನಾನು ಮುಳ್ಳು ಚುಚ್ಚಲ್ಲ ಕಣ ಮಾವ.”

ಸಿದ್ದಣ್ಣ ತಲೆ ಕೆರೆದುಕೊಂಡ. “ಹಂಗಾದ್ರೆ ತಿಂಡಿಲೇ ಸೆಳೀಬೇಕು. ಗೆಂಡೆಗೆ ಅಡುಗೆಮನೆ ವಾಸ್ನೆ ಅಂದ್ರೆ ಪ್ರಾಣ. ಗೆಣಸು ಬೇಯ್ಸಿ, ಬೆಲ್ಲ ಹಾಕಿ ಹಿಸುಕು. ಹುರಿಗಡಲೆ ಹಿಟ್ಟು ಸೇರ್ಸಿ ಉಂಡೆ ಕಟ್ಟು, ನೀರಲ್ಲಿ ಬೇಗ ಕರಗಾಕಿಲ್ಲ.”

ಮೊದಲನೆಯ ದಿನ ಅವಳು ಹಾಗೇ ಮಾಡಿದಳು. ಉಂಡೆಯನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟಳು. ದಾರ ಎಳೆಯಿತು. ಮೇಲೆ ಬಂದ ಮೀನು ದಡ ಮುಟ್ಟುತ್ತಲೇ ಅರಮನೆಯ ಹಾಡುಗಾರನಾಯಿತು. ಮಾಂತ್ರಿಕನ ರಾಗವನ್ನು ಅಪಸ್ವರ ಎಂದದ್ದಕ್ಕೆ ನೀರು ಸೇರಿದ್ದವನು ಅವನು, ಸಿಹಿಯೆಂದರೆ ಸದಾ ಬಾಯಿ ಬಿಡುವವನು. ದೇವೀರಿ ಅವನಿಗೆ ಒಣಬಟ್ಟೆ ಕೊಟ್ಟು, ಮತ್ತೆ ಕೆರೆಯ ಕಡೆ ನೋಡಿದಳು. ಅಜ್ಜಿ ಬರಲಿಲ್ಲ.

ಎರಡನೆಯ ದಿನ ಸಿದ್ದಣ್ಣ ಬೇರೆ ದಾರಿ ಹೇಳಿದ. ದೇವೀರಿ ತವುಡು ಹುರಿದಳು, ಕಡಲೆಕಾಯಿ ಹಿಂಡಿಯನ್ನು ನೆನೆಸಿದಳು, ಬೆಳ್ಳುಳ್ಳಿ ಜಜ್ಜಿದಳು, ಕಡಲೆ ಗಾತ್ರದ ಇಂಗನ್ನು ಕರಗಿಸಿ ಕಲಸಿದಳು. ವಾಸನೆಗೆ ಅರಮನೆಯ ಆನೆಗಳು ಕೂಡ ಸೊಂಡಿಲೆತ್ತಿದವು. ಉಂಡೆ ನೀರಿಗೆ ಬಿತ್ತು, ದಾರ ಎಳೆಯಿತು. ಈ ಸಲ ಬಂದದ್ದು ಮುದಿ ಸೇನಾಪತಿ. ಬಂದವನೇ ಮೀಸೆಗೆ ಅಂಟಿದ್ದ ಹಿಂಡಿಯನ್ನು ನೆಕ್ಕಿಕೊಂಡ. ಅಜ್ಜಿ ಇವತ್ತೂ ಬರಲಿಲ್ಲ.

ವಕ್ರಜಿಹ್ವ ಹೊಟ್ಟೆ ಹಿಡಿದುಕೊಂಡು ನಕ್ಕ. “ಮರುಳೆ, ಅವಳು ಎಲ್ಲಿಂದ ಬಂದಾಳು? ಅವಳ ಹಸಿವನ್ನು ನಾನು ಅಂದೇ ಕಿತ್ತು ಈ ಕರಡಿಗೆಯಲ್ಲಿ ಇಟ್ಟಿದ್ದೇನೆ. ಹಸಿವಿಲ್ಲದ ಮೀನಿಗೆ ಯಾವ ತಿಂಡಿಯ ಆಸೆ?”

ಸಿದ್ದಣ್ಣನ ಮುಖ ಬಾಡಿತು. “ಹಸಿವಿಲ್ದಿದ್ ಮ್ಯಾಲೆ ನನ್ನ ವಿದ್ಯೆ ಮುಗೀತು ಕಣವ್ವ,” ಎಂದು ಹರಿಗೋಲಿನ ಮೇಲೆ ಕುಳಿತುಬಿಟ್ಟ.

ಮೂರನೆಯ ದಿನ ದೇವೀರಿ ಯಾರನ್ನೂ ಏನೂ ಕೇಳಲಿಲ್ಲ. ಅಜ್ಜಿ ಕಲ್ಲಾಗುವುದಾದರೆ ಮನೆಯ ಊಟದ ರುಚಿಯನ್ನಾದರೂ ಕೊನೆಯ ಸಲ ಕಾಣಲಿ ಎಂದುಕೊಂಡು ಒಲೆ ಹೊತ್ತಿಸಿ ಎಸರಿಟ್ಟಳು. ಇವತ್ತಾದರೂ ಚೆನ್ನಾಗಿ ಮಾಡಬೇಕೆಂಬ ಆಸೆ ಅವಳಿಗೆ. ಆದರೆ ಕಣ್ಣು ತುಂಬಿತ್ತು, ಹೊತ್ತು ಮೀರುತ್ತಿತ್ತು. ಹಿಟ್ಟು ಹಾಕಿದವಳು ಕಾಯಲಾರದೆ ಕೋಲು ಹಾಕಿಬಿಟ್ಟಳು. ಮುದ್ದೆ ಕಟ್ಟುವಾಗ ಅಂಗೈಗೆ ಗಂಟುಗಳು ಸಿಕ್ಕವು. ನಾಚಿಕೆಯಿಂದ ಅಳು ಇನ್ನೂ ಹೆಚ್ಚಾಯಿತು. ಬೇರೆ ಮಾಡಲು ಸಮಯವಿರಲಿಲ್ಲ. ಅದನ್ನೇ ದಾರಕ್ಕೆ ಕಟ್ಟಿ, ದಡದ ಮೆಟ್ಟಿಲ ಬಳಿ ನೀರಿಗೆ ಇಳಿಬಿಟ್ಟಳು.

ಒಂದು ಗೆಂಡೆಯೂ ಹತ್ತಿರ ಸುಳಿಯಲಿಲ್ಲ. ಹೊತ್ತು ಮುಳುಗತೊಡಗಿತು, ಕೆರೆಯ ಆಚೆ ಬದಿಯಿಂದ ನೀರು ಕಲ್ಲಾಗುತ್ತ ಬಂತು. ಮಾಂತ್ರಿಕ ತನ್ನ ಶಾಲನ್ನು ಸರಿಮಾಡಿಕೊಂಡ.

ಆಗ ಆಳದಿಂದ ದಪ್ಪನೆಯ ಒಂದು ಗೆಂಡೆ ನಿಧಾನವಾಗಿ ಎದ್ದು ಬಂತು. ಅದು ಮುದ್ದೆಯನ್ನು ನುಂಗಲಿಲ್ಲ. ಸುತ್ತ ಒಂದು ಸಲ ಈಜಿ ನೋಡಿತು. ಮೂತಿಯಿಂದ ಮುರಿಯಿತು. ಒಳಗಿದ್ದ ಗಂಟೊಂದನ್ನು ತುಟಿಯಲ್ಲಿ ಹಿಡಿದು ತಂದು ಮೆಟ್ಟಿಲ ಅಂಚಿನಲ್ಲಿ ಇಟ್ಟಿತು. ಹೋಗಿ ಇನ್ನೊಂದನ್ನು ತಂದು ಅದರ ಪಕ್ಕದಲ್ಲಿ ಇಟ್ಟಿತು. ಹೀಗೆ ಏಳು ಗಂಟು, ಸಾಲಾಗಿ.

“ಅಜ್ಜೀ,” ಎಂದಳು ದೇವೀರಿ.

ಉಳಿದ ಮುದ್ದೆಯನ್ನು ಗೆಂಡೆ ಒಂದು ಚೂರೂ ಬಿಡದೆ ತಿಂದು, ದಾರದ ತುದಿಯನ್ನು ಕಚ್ಚಿಕೊಂಡು ಮೇಲೆ ಬಂತು. ದಡ ಮುಟ್ಟಿದಾಗ ಅಲ್ಲಿ ಒದ್ದೆ ಸೀರೆಯ ಕೆಂಪಾಜಮ್ಮ ನಿಂತಿದ್ದಳು.

“ಎಷ್ಟು ಸಲ ಹೇಳಾನೆ ನಿಂಗೆ? ಹಿಟ್ಟು ಬೇಯಾಕೆ ಬಿಡವ್ವ, ಆಮ್ಯಾಕೆ ಕೋಲು ಹಾಕು.”

ದೇವೀರಿ ಅಜ್ಜಿಯ ಸೊಂಟ ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ವಕ್ರಜಿಹ್ವ ಕರಡಿಗೆಯನ್ನು ಅಲ್ಲಾಡಿಸಿ ನೋಡಿದ. ಹಸಿವು ಒಳಗೇ ಭದ್ರವಾಗಿತ್ತು. “ಹಸಿವಿಲ್ಲದವಳು ಹೇಗೆ ತಿಂದೆ?” ಎಂದ.

“ಹಸಿವು ಯಾರ್ಗಿತ್ತು ಬುದ್ಧಿ? ಕೂಸು ಮಾಡಿದ್ ಮುದ್ದೆ, ಹಂಗೇ ಬಿಡಾಕಾಯ್ತದಾ?”

ಆಡಿದ ಮಾತು ಮಾಂತ್ರಿಕನಿಗೂ ತಪ್ಪಲಿಲ್ಲ. ಕಲ್ಲಾಗಿದ್ದ ನೀರು ಕರಗಿತು, ನೂರಾರು ಗೆಂಡೆಗಳು ಮನುಷ್ಯರಾಗಿ ಮೈ ಕೊಡವಿಕೊಂಡು ಮನೆಗಳಿಗೆ ನಡೆದವು. ವಕ್ರಜಿಹ್ವ ಸೊಟ್ಟ ಮೂತಿಯ ಗೆಂಡೆಯಾಗಿ ಕೆರೆಗೆ ಬಿದ್ದ. ಹಾಕಿದ್ದನ್ನು ತಿಂದುಕೊಂಡು ಈಗ ಸುಮ್ಮನಿದ್ದಾನೆ.

ಕಾಲ ಕಳೆದಂತೆ ದೇವೀರಿ ಅರಮನೆಯ ದೊಡ್ಡ ಅಡುಗೆಯವಳಾದಳು. ಅವಳ ಮುದ್ದೆ ಎಷ್ಟು ನುಣುಪೆಂದರೆ ಕೈಗೆ ನಿಲ್ಲದೆ ಜಾರುತ್ತಿತ್ತು. ಆದರೂ ಅಜ್ಜಿ ಬದುಕಿದ್ದ ಅಷ್ಟೂ ವರ್ಷ, ಅಜ್ಜಿಯ ಮುದ್ದೆಯೊಳಗೆ ದಿನಕ್ಕೊಂದು ಗಂಟನ್ನು ಅವಳು ಬೇಕೆಂದೇ ಉಳಿಸುತ್ತಿದ್ದಳು. ಅಜ್ಜಿಗೂ ಅದು ಗೊತ್ತಿತ್ತು. ಗಂಟನ್ನು ಆರಿಸಿ ತಟ್ಟೆಯ ಅಂಚಿನಲ್ಲಿಟ್ಟು, ಬಾಯ್ತುಂಬ ಬೈದು, ಉಳಿದದ್ದನ್ನು ಪೂರ್ತಿ ಉಣ್ಣುತ್ತಿದ್ದಳು. ಅದನ್ನು ಕೇಳಿಸಿಕೊಂಡ ಮೇಲೆಯೇ ದೇವೀರಿ ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದಳು.