ಚಾಸಿಗೆ ಪ್ಲಸ್

ಊಟ ಮುಗಿಸಿ ಬಂದು ಶೆಡ್ಡಿನ ಬಾಗಿಲು ತೆಗೆದ ವೈರಿಂಗ್‌ನವನ ಮೂಗಿಗೆ ಬಡಿದದ್ದು ಸುಟ್ಟ ರಬ್ಬರಿನ ವಾಸನೆ.

“ಅಕ್ಕಾ! ಬೇಗ ಬನ್ನಿ!”

ಹೊಲಿಗೆ ತರಗತಿ ಮುಗಿಸಿ ಆಗಷ್ಟೇ ಗೇಟಿನೊಳಗೆ ಕಾಲಿಟ್ಟಿದ್ದ ಅಕ್ಕ ಕೈಚೀಲ ಅಲ್ಲೇ ಬಿಟ್ಟು ಓಡಿದಳು. ಅಪ್ಪನ ಚೈನ್ ಟ್ರ್ಯಾಕ್ಟರಿಗೆ ಹೊಸದಾಗಿ ಕೂರಿಸಿದ್ದ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು. ಅದರ ದಪ್ಪನೆಯ ವೈರು ಕರಗಿ ತುಂಡಾಗಿತ್ತು. ಸುತ್ತ ಮರಳು ಚೆಲ್ಲಿತ್ತು.

ಇಪ್ಪತ್ತೊಂದು ವರ್ಷ ಬಾಯಿ ಬಿಡದೆ ನಿಂತಿದ್ದ ಯಂತ್ರ ನಿನ್ನೆ ಸಂಜೆಯಷ್ಟೇ ಗುಡುಗಿತ್ತು. ಇವತ್ತು ಹೀಗೆ!

ಅದು ಆರು ವೋಲ್ಟಿನ ಕಾಲದ ಯಂತ್ರ. ವೈರಿಂಗ್‌ನವ ಮೂರು ವಾರ ಬೆವರು ಸುರಿಸಿ ಅದನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿದ್ದ. ಹಳೆ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಬಲ್ಬುಗಳೆಲ್ಲ ಹೊಸದಾದವು. “ಉಳೋಕೆ ಹೊಲ ಇಲ್ಲ, ತಳ್ಳೋಕೆ ಮಣ್ಣಿಲ್ಲ. ಇದ್ಯಾಕೆ ನಿನಗೆ?” ಎಂದು ಗಂಡ ಕೇಳಿದಾಗ ಅಕ್ಕ, “ಅಪ್ಪನ ನೆನಪಿಗೆ” ಎಂದಿದ್ದಳು. ಅದು ಅರ್ಧ ಸುಳ್ಳು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ಅವಳು ಅತ್ತು ಮುಗಿಸಿದ್ದಳು. ಅಳು ಮುಗಿಯದಿದ್ದದ್ದು ಒಡಹುಟ್ಟಿದ ತಮ್ಮನಿಗಾಗಿ. ಇಪ್ಪತ್ತೊಂದು ವರ್ಷದ ಹಿಂದೆ, ಹತ್ತೊಂಬತ್ತಕ್ಕೆ ಮನೆ ಬಿಟ್ಟವನು ಒಂದು ಕಾಗದ ಹಾಕಲಿಲ್ಲ. ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಈ ಟ್ರ್ಯಾಕ್ಟರಿನ ಸದ್ದು ಕಿವಿಗೆ ಬಿದ್ದರೆ ಅವನು ನಿಲ್ಲದೆ ಹೋಗಲಾರ ಎಂದು ಅವಳ ಮನಸ್ಸು ಹಟ ಹಿಡಿದಿತ್ತು. ಇಂಥ ಹುಚ್ಚನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಗಂಡ ಕಣ್ಣುಜ್ಜುತ್ತಾ ಬಂದ. ಜಗುಲಿಯಲ್ಲಿ ಗೊರಕೆ ಹೊಡೆಯುತ್ತಿದ್ದವನು.

“ನೋಡಿದ್ಯಾ? ಕೆಲಸ ಬರದವನ ಕೈಲಿ ಕೊಟ್ರೆ ಹೀಗೇ ಆಗೋದು.”

“ನಾನು ಬ್ಯಾಟರಿ ಬಿಚ್ಚಿ ಬೆಂಚಿನ ಮೇಲೆ ಚಾರ್ಜಿಗಿಟ್ಟು ಹೋಗಿದ್ದೆ ಸಾರ್!” ವೈರಿಂಗ್‌ನವನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. “ಯಾರೋ ಎತ್ತಿ ಕೂರ್ಸಿದ್ದಾರೆ. ಗುಜರಿಯವನನ್ನ ಮೊನ್ನೆ ಕರ್ಕೊಂಡು ಬಂದಿದ್ದು ನಾನಲ್ಲ.”

“ಏನೋ ಅಂದೆ?”

ಅಕ್ಕ ಗಂಡನ ಮುಖವನ್ನೇ ನೋಡಿದಳು. ಗುಜರಿಯವನು ಬಂದದ್ದು ನಿಜ. ಹಾಗೆಂದು ಸುಟ್ಟುಬಿಡುವಷ್ಟು ಕೆಟ್ಟವನೇ ಇವನು? ಹಾಗೆ ಯೋಚಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

“ಮೇಷ್ಟ್ರನ್ನ ಕರೀತೀನಿ” ಎಂದಳು.

ಮೇಷ್ಟ್ರು ಎಂದರೆ ಎದುರು ಬೀದಿಗೆ ಹೋದ ವರ್ಷ ಬಾಡಿಗೆಗೆ ಬಂದವರು. ಮೂವತ್ತು ವರ್ಷ ತಾಂತ್ರಿಕ ಶಾಲೆಯಲ್ಲಿ ವಿದ್ಯುತ್ ಪಾಠ ಹೇಳಿದವರು. ಬೀದಿಯಲ್ಲಿ ಸೈಕಲ್ ಕಳೆದರೂ, ಮೀಟರ್ ತಿರುಗದಿದ್ದರೂ ಜನ ಓಡುವುದು ಅವರ ಮನೆಗೇ. ಬಂದವರು ಮಂಡಿ ಹಿಡಿದುಕೊಂಡು ಟ್ರ್ಯಾಕ್ಟರಿನ ಪಕ್ಕ ಕೂತರು.

“ಬೀಗ ಒಡೆದಿತ್ತಾ?”

“ಇಲ್ಲ ಸಾರ್. ಹಾಕಿದಂಗೇ ಇತ್ತು.”

“ಬೀಗದ ಕೈ ಎಲ್ಲಿರುತ್ತೆ?”

“ಕಿಟಕಿ ಮೇಲಿನ ಹಂಚಿನ ಸಂದೀಲಿ” ಎಂದಳು ಅಕ್ಕ. “ಅಪ್ಪನ ಕಾಲದಿಂದ ಅಲ್ಲೇ. ನಮ್ಮ ಮೂರು ಜನಕ್ಕೇ ಗೊತ್ತಿರೋದು.”

ಮೇಷ್ಟ್ರು ಬ್ಯಾಟರಿಗೆ ಬಗ್ಗಿದರು. “ಇದರಲ್ಲಿ ಏನು ತಪ್ಪಿದೆ? ಹೇಳು ನೋಡೋಣ.”

ಪರೀಕ್ಷೆಗೆ ನಿಂತವನಂತೆ ವೈರಿಂಗ್‌ನವ ಗಂಟಲು ಸರಿಮಾಡಿಕೊಂಡ. “ಉಲ್ಟಾ ಕೊಟ್ಟಿದ್ದಾರೆ ಸಾರ್. ಹಳೇ ಡೈನಮೋ ಇದ್ದಾಗ ಪ್ಲಸ್ಸು ಚಾಸಿಗಿತ್ತು, ಅಂದ್ರೆ ಗಾಡಿಯ ಕಬ್ಬಿಣದ ಮೈಗೆ. ಆಲ್ಟರ್ನೇಟರ್ ಬಂದ ಮೇಲೆ ಚಾಸಿಗೆ ಮೈನಸ್ಸೇ ಕೊಡ್ಬೇಕು. ನಾನು ವೈರಿನ ತುದಿಯ ಕ್ಲಾಂಪೂ ಬದಲಾಯಿಸಿದ್ದೆ. ತಿರುಗಿಸಿ ಕೊಟ್ಟಿದ್ದಕ್ಕೇ ಸುಟ್ಟಿರೋದು. ಯಾರೋ ಗೊತ್ತಿಲ್ಲದವರು—”

“ಗೊತ್ತಿಲ್ಲದವರು?” ಮೇಷ್ಟ್ರು ನಕ್ಕರು. “ಸರಿಯಾಗಿ ನೋಡಿ ಹೇಳು.”

ಅವರು ಎದ್ದು ಮರಳಿನ ಬಕೆಟ್ ನೋಡಿದರು. ಹಿಡಿಯ ಮೇಲೆ ಎಡಗೈಯ ಮಸಿ ಗುರುತು, ಬಲಗೈಯದಿಲ್ಲ. ಮೂಲೆಯಲ್ಲಿ ಎಣ್ಣೆಯ ಡ್ರಮ್ಮೊಂದು ಒಂದು ಗೇಣು ಸರಿದಿತ್ತು, ನೆಲದ ಮೇಲೆ ಹಳೆಯ ದುಂಡನೆಯ ಗುರುತು ಬಿಟ್ಟು. ಅದರ ಹಿಂದೆ ಗೋಡೆಯ ಗಾರೆಯಲ್ಲಿ ಮೊಳೆಯಿಂದ ಗೀರಿದ ಸಾಲುಗಳು. ಎಲ್ಲ ಸಾಲೂ ಒಂದೇ: ಚಾಸಿಗೆ ಪ್ಲಸ್. ಚಾಸಿಗೆ ಪ್ಲಸ್.

“ಇದು ಯಾರ ಬರಹ?”

“ನನ್ನ ತಮ್ಮಂದು. ಅಪ್ಪ ಬರೆಸಿದ್ದು.” ಅಕ್ಕನ ದನಿ ಸಣ್ಣಗಾಯಿತು. “ಅವನು ಮನೆ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು.”

“ಡ್ರಮ್ಮು ಸರಿಸಿದ್ದು ಯಾರು?”

ತಾವಲ್ಲ ಎಂದು ಮೂವರೂ ತಲೆಯಾಡಿಸಿದರು. ಮೇಷ್ಟ್ರು ಗೇಟು ದಾಟಿ ಹೊರಟರು. ಒಂದು ಗಂಟೆಯ ಮೇಲೆ ಬಂದವರ ಮುಖದಲ್ಲಿ ಬೆವರಿತ್ತು.

“ಕೂತ್ಕೊಳಮ್ಮ” ಎಂದರು. “ನೀವೆಲ್ಲ ಕ್ಲಾಂಪು ನೋಡಿದ್ರಿ, ಅದು ಹೆಂಗೆ ಕೂತಿದೆ ಅಂತ ನೋಡ್ಲಿಲ್ಲ. ಬ್ಯಾಟರಿಯ ಪ್ಲಸ್ ಕಂಬ ಸ್ವಲ್ಪ ದಪ್ಪ, ಮೈನಸ್ಸು ಸಣ್ಣ. ಚಾಸಿಯ ಹೊಸ ಕ್ಲಾಂಪು ಸಣ್ಣದು, ದಪ್ಪ ಕಂಬಕ್ಕೆ ಹೋಗಲ್ಲ. ಈ ಆಸಾಮಿ ಸ್ಕ್ರೂಡ್ರೈವರ್ ಹಾಕಿ ಅಗಲಿಸಿ ಕೂರ್ಸಿದ್ದಾನೆ. ಆ ಕಡೆಯ ದಪ್ಪ ಕ್ಲಾಂಪು ಸಡಿಲ ಆಯ್ತು ಅಂತ ತಾಮ್ರದ ತಂತಿ ಸುತ್ತಿ ಬಿಗಿ ಮಾಡಿದ್ದಾನೆ. ಗೊತ್ತಿಲ್ಲದವನಾದ್ರೆ ಏನು ಮಾಡ್ತಿದ್ದ?”

“ಯಾವುದು ಸಲೀಸಾಗಿ ಹೋಗುತ್ತೋ ಅದಕ್ಕೆ ಹಾಕ್ತಿದ್ದ” ಎಂದ ವೈರಿಂಗ್‌ನವ.

“ಸರಿಯಾಗೇ ಹಾಕ್ತಿದ್ದ! ಹಾಳು ಮಾಡೋಕೆ ಬಂದವನು ಇಷ್ಟು ನಾಜೂಕಾಗಿ ತಂತಿ ಸುತ್ತಲ್ಲ, ಬೆಂಕಿ ಎದ್ದಾಗ ಕೈ ಹಾಕಿ ವೈರು ಕಿತ್ತು ಮರಳು ಸುರಿಯಲ್ಲ. ಇವನಿಗೆ ಈ ಟ್ರ್ಯಾಕ್ಟರು ಗೊತ್ತು, ಆದರೆ ಹಳೇದು. ಹನ್ನೆರಡು ವೋಲ್ಟಾಗಿದೆ ಅಂತ ಬ್ಯಾಟರಿ ನೋಡಿ ತಿಳ್ಕೊಂಡಿರ್ತಾನೆ, ಚಾಸಿಯ ಪ್ಲಸ್ಸು ಮೈನಸ್ಸಾಗಿದೆ ಅಂತ ಕನಸಲ್ಲೂ ಅನ್ಕೊಂಡಿಲ್ಲ. ಬೀಗದ ಕೈ ಎಲ್ಲಿದೆ ಅಂತ ಗೊತ್ತು. ಡ್ರಮ್ಮಿನ ಹಿಂದೆ ಏನಿದೆ ಅಂತ ಗೊತ್ತು. ಅಪ್ಪ ಅದನ್ನ ಬರೆಸಿದ್ದು ಯಾಕಮ್ಮ?”

ಅಕ್ಕ ಗೋಡೆಯ ಗೀರುಗಳ ಕಡೆ ತಿರುಗಿದಳು.

“ಒಂದು ಸಲ ಚಾಸಿಗೆ ಮೈನಸ್ ಕೊಟ್ಟು ವೈರು ಸುಟ್ಟುಬಿಟ್ಟ. ಅಪ್ಪ ಟ್ರ್ಯಾಕ್ಟರ್ ಬಾಡಿಗೆಗೆ ಕೇಳೋಕೆ ಬಂದಿದ್ದ ಗಿರಾಕಿಗಳ ಎದುರಿಗೇ ಹೊಡೆದು ಐವತ್ತು ಸಲ ಬರೆಸಿದ್ರು. ಮಾರನೇ ದಿನ ಹೋದ.”

“ಸುಟ್ಟವನು ನಿನ್ನ ತಮ್ಮ ಕಣಮ್ಮ. ನಿನ್ನೆ ಸಂಜೆ ಸದ್ದು ಕೇಳಿ ನಿಂತಿದ್ದಾನೆ. ಇವತ್ತು ನೀನು ಬರೋ ಹೊತ್ತಿಗೆ ಸ್ಟಾರ್ಟ್ ಮಾಡಿ ಇಡೋಣ ಅಂತ ಇದ್ದನೋ ಏನೋ. ಬಕೆಟ್ ಮೇಲೆ ಬರೀ ಎಡಗೈ ಗುರುತಿತ್ತಲ್ಲ, ಬಲಗೈ ಸುಟ್ಟಿರಬೇಕು ಅಂತ ವಿಚಾರಿಸ್ದೆ. ಬಸ್ ಸ್ಟ್ಯಾಂಡಿನ ಔಷಧಿ ಅಂಗಡೀಲಿ ಒಬ್ಬ ಬಲಗೈಗೆ ಸುಟ್ಟ ಗಾಯದ ಮುಲಾಮು ತಗೊಂಡಿದ್ದಾನೆ. ಐದೂವರೆ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ನಂತೆ. ಅಲ್ಲೆಲ್ಲ ನೋಡಿದೆ, ನನಗೆ ಕಾಣಲಿಲ್ಲ.”

ಐದೂ ಹತ್ತು. ನಡೆದರೆ ಇಪ್ಪತ್ತೈದು ನಿಮಿಷದ ದಾರಿ. ಗಂಡ ಸ್ಕೂಟರಿನ ಕೀಲಿ ಹುಡುಕಲು ಒಳಗೆ ಓಡಿದ. ಕೀಲಿ ಅವನ ಜೇಬಿನಲ್ಲೇ ಇತ್ತು, ಅದು ಬೇರೆ ಮಾತು. ಅಕ್ಕ ಮಾತ್ರ ಕದಲಲಿಲ್ಲ. ಇಪ್ಪತ್ತೊಂದು ವರ್ಷ ಕಾಣಲು ಕಾದಿದ್ದ ಮುಖ ಅದು. ಆದರೆ ಹಿಡಿಯಲು ಬಂದರೆಂದು ಅವನು ಇನ್ನೊಂದು ಸಲ ಓಡಿದರೆ?

“ಸ್ಕೂಟರ್ ಬೇಡ, ಯಾರೂ ಹೋಗೋದು ಬೇಡ” ಎಂದು ಗಂಡನಿಗೆ ಕೂಗಿದಳು. “ಆಲ್ಟರ್ನೇಟರ್ ಇಲ್ಲದೆ ಇದು ಓಡುತ್ತಾ?” ಎಂದು ವೈರಿಂಗ್‌ನವನನ್ನು ಕೇಳಿದಳು.

“ಬ್ಯಾಟರಿ ಇರೋವರೆಗೂ ಓಡುತ್ತಕ್ಕಾ.”

“ಹಾಗಾದ್ರೆ ಆ ಸುಟ್ಟ ವೈರು ಕಿತ್ತುಹಾಕು. ಸ್ಟಾರ್ಟ್ ಮಾಡು.”

ವೈರಿಂಗ್‌ನವ ಕ್ಲಾಂಪುಗಳನ್ನು ಅದಲುಬದಲು ಮಾಡಿದ. ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಟ್ರ್ಯಾಕ್ಟರು ಗುಡುಗಿತು. ಕಿಟಕಿ ಗಾಜುಗಳು ಅದುರಿದವು. ಅಕ್ಕ ಗೇಟು ಪೂರ್ತಿ ತೆರೆದು ಅದರ ಪಕ್ಕ ನಿಂತಳು. ಐದೂ ಮೂವತ್ತಾಯಿತು. ಐದೂ ಮುಕ್ಕಾಲಾಯಿತು. ಬಸ್ಸು ಹೋಗಿರಬೇಕು ಎಂದುಕೊಂಡಳು. ಕಣ್ಣು ತುಂಬಿ ಬಂದು ಬೀದಿ ಮಸುಕಾಯಿತು.

ಆ ಮಸುಕಿನಲ್ಲೇ ಯಾರೋ ನಡೆದು ಬರುತ್ತಿದ್ದರು. ಕೂದಲು ನರೆತಿದೆ. ಬಲಗೈಗೆ ಬಟ್ಟೆ ಸುತ್ತಿದೆ. ಗೇಟಿನಾಚೆ ನಿಂತು ಟ್ರ್ಯಾಕ್ಟರನ್ನೇ ನೋಡಿದ, ಆಮೇಲೆ ಅವಳನ್ನು.

“ಅಕ್ಕಾ… ಚಾಸಿಗೆ ಪ್ಲಸ್ ತಾನೇ? ಸರಿಯಾಗೇ ಕೊಟ್ಟಿದ್ದೆ.”

“ಈಗ ಮೈನಸ್ ಕಣೋ” ಎಂದಳು ಅಕ್ಕ. “ನಿನಗೆ ಹೇಳೋಕೆ ಯಾರಿದ್ರು? ಬಾ ಒಳಗೆ.”